ಪಪೈರಸ್ಸಿನ ‘ದಮುನ್’: ಕೊಪ್ಪಳ ಸೀಮೆಯಿಂದ ಒಂದು ಜಿಜ್ಞಾಸೆ

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ತಿಪ್ಪೆಯಲ್ಲಿ ಸಿಕ್ಕ ಪಪೈರಸ್ಸುಗಳಲ್ಲಿ 413ನೆಯದು 1903ರಲ್ಲಿ ಅಚ್ಚಾಯಿತು. ಕ್ರಿ.ಶ. 2ನೆಯ ಶತಮಾನದ ಈ ಓಲೆಯಲ್ಲಿರುವುದು ಒಂದು ಗ್ರೀಕ್ ಪ್ರಹಸನ. ಹಿಂದೂಸ್ಥಾನದ ಕಡಲ ದಂಡೆಯಲ್ಲಿ ಸೆರೆಸಿಕ್ಕ ಚಾರಿಟಿಯನ್ ಎಂಬ ಹುಡುಗಿಯನ್ನು ಬಿಡಿಸಿಕೊಳ್ಳಲು ಅವಳ ಕಡೆಯವರು ಇಲ್ಲಿಯ ರಾಜನಿಗೆ ನೀರು ಬೆರೆಸದ ಮದ್ಯ ಕುಡಿಸಿ ಉರುಳಿಸುತ್ತಾರೆ. ವಿದೂಷಕನ ಮುಖ್ಯ ಆಯುಧ ಹೂಸು. (ವಿದ್ವತ್ ಪ್ರಬಂಧದೊಳಗೆ ಈ ಶಬ್ದ ನುಸುಳಿದ್ದಕ್ಕೆ ಮೂಲ ಪಠ್ಯವೇ ಹೊಣೆ.)

ರಾಜನ ಕಡೆಯವರ ಗ್ರೀಕಲ್ಲದ ಮಾತು ಕನ್ನಡವೇ ಎಂದು 1904ರಲ್ಲಿ ಸಾರಿದವರು ಜರ್ಮನಿಯ ಶಾಸನತಜ್ಞ ಹುಲ್ಟ್ಜ್. ವಿದ್ವಾಂಸರಾದ ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಹೌದೆಂದರು, ಬಾರ್ನೆಟ್ ಸಾಹೇಬರು ಒಪ್ಪಲಿಲ್ಲ, ತುಳುವೆಂದವರೂ ಉಂಟು. ಕೊಪ್ಪಳದವರನ್ನು ಮಾತ್ರ ಯಾರೂ ಕೇಳಲಿಲ್ಲ. ತಿರುಳ್ಗನ್ನಡದ ಸೀಮೆ ಹೇಳುವಾಗ ಕವಿರಾಜಮಾರ್ಗ ಕೊಪಣದ, ಅಂದರೆ ಇದೇ ಕೊಪ್ಪಳದ, ಹೆಸರೆತ್ತಿರುವಾಗ ಇದು ಶುದ್ಧ ಶಾಸ್ತ್ರದ್ರೋಹ.

ಹುಲ್ಟ್ಜ್ ಮತದಲ್ಲಿ ಓಲೆಯ ‘ಕೊಂಜೆಯ್’ ಎಂದರೆ ಕೊಂಚ, ‘ಪೆತ್ರೆಕಿಯೊ’ ಎಂದರೆ ಪಾತ್ರಕ್ಕೆ, ‘ದಮುನ್’ ಎಂದರೆ ಮಧು. ಅಕ್ಷರ ತಿರುವುಮುರುವಾಗಿದೆಯಲ್ಲ ಎಂದು ಆಕ್ಷೇಪಿಸುವವರು ಯಲಬುರ್ಗಾ ಬಸ್ಸು ಹತ್ತಿದವರಲ್ಲ. ಸಿಂದ ಅರಸರ ಎರಂಬರಗೆ ಹಗಲುಹೊತ್ತಿನಲ್ಲೇ, ಯಾರೂ ಕುಡಿಯದೆ, ಯಲಬುರ್ಗಾ ಆಗಿದೆ. ಅಮಲೇರಿದ ರಾಜನ ಬಾಯಲ್ಲಿ ಮಧು ದಮು ಆದರೆ ತಪ್ಪೇನು? ‘ಪಕ್ತೈ’ ಎಂಬುದನ್ನು ಹುಲ್ಟ್ಜ್ ‘ಹಾಕಿ’ ಎಂದು ಓದಿದರು. ಕನ್ನಡದಲ್ಲಿ ಪಕಾರ ಹಕಾರವಾಗಿ ಪಾಲು ಹಾಲಾದದ್ದು ಎಷ್ಟೋ ಶತಮಾನಗಳ ಮೇಲೆ, ಆದ್ದರಿಂದ ಅಲ್ಲಿ ಪಕಾರವೇ ಇರಬೇಕು, ಇದೆ. ಪ್ರಮಾಣ ಇಷ್ಟು ಸರಿಯಾಗಿ ಕೂತಾಗಲೇ ನಮಗೆ ಅನುಮಾನ ಬಂತು.

ಹಳೆಯ ಕನ್ನಡದ ಆಸರೆಗೆಂದು ಕೊಪ್ಪಳದ ಗವಿಮಠದ ಬೆಟ್ಟ ಹತ್ತಿದೆವು. ಅಲ್ಲಿ ಅಶೋಕ ತನ್ನ ಶಾಸನವನ್ನು ಪ್ರಾಕೃತದಲ್ಲಿ ಬರೆಸಿ ಕೈಕೊಟ್ಟಿದ್ದಾನೆ. ಉಳಿದದ್ದು ಕ್ಷೇತ್ರಕಾರ್ಯ. ಗಂಗಾವತಿಯ ಖಾನಾವಳಿಯಲ್ಲಿ ಕೂತು, ಪಪೈರಸ್ಸಿನ ಉಚ್ಚಾರಕ್ಕೆ ಲೋಪ ಬಾರದಂತೆ, “ಕೊಂಜೆಯ್ ಸಾರು” ಎಂದೆವು. ಬಡಿಸುವಾತ ಸೌಟು ಮೇಲೆತ್ತಿಕೊಂಡೇ ನಿಂತ. “ಕೊಂಚ” ಎಂದು ತಿದ್ದಿದೆವು.

“ಒಂದೀಟು ಅನ್ರಿ ಮತ್ತ. ಯಾವೂರ್ರೀ ನಿಮ್ದು?”

ಸಾರು ಬಿತ್ತು, ಸಿದ್ಧಾಂತವೂ ಬಿತ್ತು. ಕುಷ್ಟಗಿಯ ಹಿರಿಯರೊಬ್ಬರ ಮುಂದೆ ಓಲೆಯ ಸಾಲುಗಳನ್ನು ಓದಿದಾಗ ಅವರು ಕಣ್ಣು ಮುಚ್ಚಿ ಕೇಳಿ, “ಕುಡದಾವ ಯಾವ ಭಾಷಾನೂ ಮಾತಾಡ್ತಾನ್ರಿ” ಎಂದರು. ಶತಮಾನ ದಾಟಿದ ಈ ಚರ್ಚೆಯಲ್ಲಿ ಇದಕ್ಕಿಂತ ಗಟ್ಟಿಯಾದ ವಾದ ನಮಗೆ ಕಂಡಿಲ್ಲ.

ಆದಕಾರಣ ನಿರ್ಣಯ: ರಾಜ ಕನ್ನಡಿಗನಿರಬಹುದು, ಗಂಗಾವತಿಯವನಂತೂ ಅಲ್ಲ.