ಹಳೇ ದೋಣಿಯ ಹೊಸ ಯಜಮಾನ

ನಿವೃತ್ತ ಮೇಷ್ಟ್ರುಗಳಿಗಾಗಿ ನಮ್ಮ ಕಡೆ ಮೂರು ಸಂಗತಿಗಳು ಕಾದು ಕೂತಿರುತ್ತವೆ: ವಿಮೆ ಏಜೆನ್ಸಿ, ದೇವಸ್ಥಾನದ ಜೀರ್ಣೋದ್ಧಾರ ಸಮಿತಿ ಮತ್ತು ತಾಳಮದ್ದಳೆ. ಮೂರರಲ್ಲೂ ಮಾತಾಡಬೇಕು. ಹೈಸ್ಕೂಲು ಮಕ್ಕಳ ಗಲಾಟೆಯನ್ನು ಅದಕ್ಕಿಂತ ದೊಡ್ಡ ಗಲಾಟೆಯಿಂದ ಅಡಗಿಸಿ ಅಡಗಿಸಿ ಗಂಟಲು ಹರಿದುಕೊಂಡ ನನಗೆ ಬೇಕಾಗಿದ್ದದ್ದು ಮಾತೇ ಇಲ್ಲದ ಒಂದು ಜಾಗ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಐದೂ ಕೂಡುವ ಗಂಗೊಳ್ಳಿಯ ಪಂಚಗಂಗಾವಳಿಯನ್ನು ನೋಡಿದವರಿಗೆ ಅಂಥ ಜಾಗ ಎಲ್ಲಿದೆಯೆಂದು ಹೇಳಬೇಕಾಗಿಲ್ಲ. ನಡು ಹೊಳೆ! ಅಲ್ಲಿಗೆ ಹೋಗಲು ದೋಣಿ ಬೇಕು, ದೋಣಿಗೆ ಎಂಜಿನ್ ಬೇಕು.

"ಮಾತು ಬೇಡ ಅಂದ್ರೆ ಮೊಬೈಲ್ ಆಫ್ ಮಾಡಿ, ಸಾಕು" ಎಂದಳು ಹೆಂಡತಿ. ಅಗ್ಗದ ಪರಿಹಾರಗಳಿಗೆ ಬೆಲೆ ಕೊಡುವ ವಯಸ್ಸು ನನ್ನದಲ್ಲ. ಆದರೆ ಹೊಸ ಫೈಬರ್ ದೋಣಿ, ಹೊಸ ಔಟ್‌ಬೋರ್ಡ್ ಎಂಜಿನ್ ಎರಡರ ಬೆಲೆ ಕೇಳಿದ್ದೇ ನನ್ನ ಪಿಂಚಣಿ ಪುಸ್ತಕ ತಾನಾಗಿಯೇ ಮುಚ್ಚಿಕೊಂಡಿತು. ಹಳೇದೇ ಗತಿಯಾಯಿತು.

ದೋಣಿ ನೋಡಲು ಹೋದದ್ದು ಆಷಾಢದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೊಡ್ಡ ಬೋಟುಗಳೆಲ್ಲ ಧಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ. 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ನಾನು ನೋಡಲು ಹೋದದ್ದು 8 ಅಶ್ವಶಕ್ತಿಯದು. ಅಂದರೆ ಕಾನೂನು ಅದನ್ನು ತಡೆಯುತ್ತಿರಲಿಲ್ಲ. ಉಳಿದದ್ದೆಲ್ಲ ತಡೆಯುತ್ತಿತ್ತು.

ಫೈಬರ್ ದೋಣಿಯ ಗುಟ್ಟಿರುವುದು ಎಂಜಿನ್ ನೇತುಹಾಕುವ ಹಿಂಬದಿಯ ಹಲಗೆಯಲ್ಲಿ. ಹೊರಗೆ ಫೈಬರ್, ಒಳಗೆ ಪ್ಲೈವುಡ್. ಬೋಲ್ಟಿನ ತೂತಿನಲ್ಲಿ ನೀರಿಳಿದರೆ ಹೊರಗೆ ಬಣ್ಣ ಫಳಫಳ ಹೊಳೆಯುತ್ತಿರುವಾಗಲೇ ಒಳಗೆ ಮರ ಕೊಳೆಯುತ್ತಿರುತ್ತದೆ. ನಾಣ್ಯದಿಂದ ಕುಟ್ಟಿ ನೋಡಬೇಕು. ಗಟ್ಟಿ ಜಾಗ ಟಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ನಾನು ಹತ್ತು ರೂಪಾಯಿ ನಾಣ್ಯ ತೆಗೆದು ಕುಟ್ಟಿದೆ. ಎಡಕ್ಕೆ ಟಣ್, ಬಲಕ್ಕೆ ಡಬ್. ಮಾರುವವರು ಗಂಭೀರವಾಗಿ ತಲೆಯಾಡಿಸಿ, "ಎರಡ್ ರೂಪಾಯಿ ಹಾಕಿ ಕುಟ್ಟಿ ಕಾಣಿ ಮಾಷ್ಟ್ರೇ" ಎಂದರು.

"ಇಂಜಿನ್ ಲಾಯ್ಕ್ ಇತ್ತ್. ಒಂದ್ ಸಲ ಎಳ್ದ್ರೆ ಸಾಕ್" ಎಂದು ಹಗ್ಗ ಎಳೆದರು. ಹೊಗೆಯುಗುಳಿ ಎದ್ದೇಬಿಟ್ಟಿತು! ಎಂಜಿನ್ನಿನ ಹಳಮೆ ತಿಳಿಯಬೇಕಾದರೆ ಅದನ್ನು ತಣ್ಣಗಿದ್ದಾಗ ಎಬ್ಬಿಸಿ ನೋಡಬೇಕು. ನಾನು ಬಂದ ಕೂಡಲೇ ಮುಚ್ಚಳದ ಮೇಲೆ ಕೈಯಿಟ್ಟಿದ್ದೆ, ಆಗಲೇ ಬೆಚ್ಚಗಿತ್ತು. ಕೇಳಿದರೆ, "ಬಿಸ್ಲಿಗೆ ಮಾಷ್ಟ್ರೇ" ಎಂದರು. ಊರಲ್ಲಿ ಸೂರ್ಯನ ಮುಖ ಕಂಡು ವಾರ ಕಳೆದಿತ್ತು.

ಗೇರ್ ಆಯಿಲ್ ನೋಡಿದೆ, ಬಿಳಿಚಿತ್ತು. ಸೀಲ್ ಸೋತು ನೀರು ಸೇರಿದೆ ಎಂದರ್ಥ. ಎಲ್ಲ ಗೊತ್ತಿದ್ದೇ ಕೊಂಡೆ. ಗ್ರೇಸ್ ಮಾರ್ಕು ಕೊಟ್ಟು ಕೊಟ್ಟು ಪಳಗಿದ ಕೈ, ಇನ್ನೇನು ಮಾಡೀತು?

ದೋಣಿಯ ಹಿಂದೆ ತಗುಲಿಸುವ ಈ ಜಾತಿಯ ಎಂಜಿನ್ನಿಗೆ ಹೆಸರು ತಂದುಕೊಟ್ಟವನು ಓಲೆ ಎವಿನ್‌ರೂಡ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬೆಳೆದ ಈತ, ಒಲಿದ ಹುಡುಗಿ ಬೆಸ್‌ಗಾಗಿ ಸರೋವರದ ಆಚೆ ದಡಕ್ಕೆ ಹುಟ್ಟು ಹಾಕಿಕೊಂಡು ಹೋಗಿ ಐಸ್‌ಕ್ರೀಮ್ ತರುವಷ್ಟರಲ್ಲಿ ಅದು ಕರಗಿತ್ತಂತೆ. ಆ ಅವಮಾನದಿಂದ ಹುಟ್ಟಿದ ಒಂದೂವರೆ ಅಶ್ವಶಕ್ತಿಯ ಎಂಜಿನ್ 1909ರಲ್ಲಿ ಮಾರುಕಟ್ಟೆಗೆ ಬಂತು. ನನ್ನ ಎಂಟರಲ್ಲಿ ಆರು ಕುದುರೆ ಸತ್ತಿವೆಯೆಂದುಕೊಂಡರೂ ನಾನು ಎವಿನ್‌ರೂಡನಿಗಿಂತ ಅರ್ಧ ಕುದುರೆ ಮುಂದೆ. ಆದರೂ ಕುಂದಾಪುರದಿಂದ ಗಂಗೊಳ್ಳಿಗೆ ಐಸ್‌ಕ್ಯಾಂಡಿ ತಾ ಎಂದರೆ ಕಡ್ಡಿ ಮಾತ್ರ ತಂದೇನು.

ಔಟ್‌ಬೋರ್ಡ್ ಎಂಜಿನ್ ಹೊಳೆಯ ನೀರನ್ನೇ ಹೀರಿಕೊಂಡು ಮೈ ತಂಪು ಮಾಡಿಕೊಳ್ಳುತ್ತದೆ. ಒಳಗೆ ರಬ್ಬರಿನ ಇಂಪೆಲ್ಲರ್ ತಿರುಗುತ್ತಿದ್ದರೆ ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿರುತ್ತದೆ. ಅದು ನಿಂತರೆ ಎಂಜಿನ್ ಸುಟ್ಟಂತೆಯೇ. ಹಾಗಾಗಿ ಧಕ್ಕೆಯಲ್ಲಿ ಕುಶಲೋಪರಿ ಶುರುವಾಗುವುದೇ ಅಲ್ಲಿಂದ. "ನೀರ್ ಸಮ ಹೋತ್ತಾ ಮಾಷ್ಟ್ರೇ?" ಎಂದರು ಒಬ್ಬರು. ಅರವತ್ತು ದಾಟಿದವರನ್ನು ಡಾಕ್ಟರೂ ಇದನ್ನೇ ಕೇಳುವುದು. ಅಭ್ಯಾಸಬಲದಿಂದ "ರಾತ್ರಿ ಸ್ವಲ್ಪ ತೊಂದರೆ" ಎಂದುಬಿಟ್ಟೆ. "ರಾತ್ರಿ ಎಂತಕ್ಕೆ ಬಿಡ್ತ್ರಿ? ಹಗ್ಲ್ ಬಿಡಿ" ಎಂದು ಅವರು ಬಲೆ ಹೆಣೆಯತೊಡಗಿದರು.

ಇನ್ನು ಅದರ ಊಟೋಪಚಾರ. ನಮ್ಮ ಕಡೆಯ ದೋಣಿ ಎಂಜಿನುಗಳು ಪೆಟ್ರೋಲಿನಲ್ಲಿ ಎದ್ದು, ಬಿಸಿಯೇರಿದ ಮೇಲೆ ಸೀಮೆಎಣ್ಣೆಗೆ ಹೊರಳುತ್ತವೆ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲ್ ಕುಡಿಸಬೇಕು; ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ಜಪ್ಪಯ್ಯ ಅಂದರೂ ಏಳುವುದಿಲ್ಲ. ರಿಯಾಯಿತಿ ಸೀಮೆಎಣ್ಣೆ ಮೀನು ಹಿಡಿಯುವವರಿಗೆ. ಮೌನ ಹಿಡಿಯಲು ಹೋಗುವವರಿಗೆ ಸರ್ಕಾರದಲ್ಲಿ ಯಾವ ಯೋಜನೆಯೂ ಇಲ್ಲ. ನಾನು ಬರೀ ಪೆಟ್ರೋಲ್ ಹಾಕಿದೆ. ಸೀಮೆಎಣ್ಣೆಯಲ್ಲೇ ಬೆಳೆದ ಜೀವ ಅದು, ನನ್ನ ಉಪಚಾರಕ್ಕೆ ಕೆಮ್ಮಿತು.

ರಿಪೇರಿಗೆ ಬಂದವನು ನನ್ನ ಹಳೇ ವಿದ್ಯಾರ್ಥಿ. ಬೋರ್ಡಿನ ತುಂಬ ಪಿಸ್ಟನ್ ಚಿತ್ರ ಬರೆದು ಪೆಟ್ರೋಲ್ ಎಂಜಿನ್ ಪಾಠ ಮಾಡಿದವನು ನಾನು. ಅದೇ ಪಾಠದಲ್ಲಿ ಫೇಲಾದವನು ಅವನು. ಈಗ ನಾನು ಟಾರ್ಚು ಹಿಡಿದು ನಿಂತಿದ್ದೆ, ಅವನು ಪ್ಲಗ್ ಬಿಚ್ಚಿ ಮಸಿ ಒರೆಸುತ್ತ, "ಅರ್ಥ ಆಯ್ತಾ ಸಾರ್?" ಎನ್ನುತ್ತಿದ್ದ. ಆಗಲಿಲ್ಲವೆನ್ನಲು ಮುಖವಿರಲಿಲ್ಲ. ಅವನಿಗೂ ಆಗ ಹೀಗೇ ಆಗಿರಬೇಕು.

ಬಣ್ಣ ಬಳಿಯಲೆಂದು ಮುಂಭಾಗವನ್ನು ಕೆರೆದಾಗ ದೋಣಿಯ ಜಾತಕ ಹೊರಬಿತ್ತು. ನೀಲಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ಕೆಂಪು. ಪದರಕ್ಕೊಂದು ದೇವರ ಹೆಸರು. ನೀಲಿಯಲ್ಲಿ ದುರ್ಗೆ, ಹಸಿರಿನಲ್ಲಿ ಗಣಪತಿ, ಕೆಂಪಿನಲ್ಲಿ ಅರ್ಧ ಅಳಿಸಿದ ಆಂಜನೇಯ. ಕೊಂಡವರೆಲ್ಲ ಎಂಜಿನ್ ಬದಲಿಸುವ ಬದಲು ದೇವರನ್ನು ಬದಲಿಸಿದ್ದರು. "ಆ ಹಸ್ರ್ ನಂದ್" ಎಂದರು ಬಲೆ ಹೆಣೆಯುವವರು. "ಕೆಂಪು ನಮ್ಮ ಭಾವಂದ್" ಎಂದರು ಪಕ್ಕದವರು. ಧಕ್ಕೆಯಲ್ಲಿ ನನಗೆ ಬುದ್ಧಿ ಹೇಳಿದವರೆಲ್ಲ ಇದೇ ದೋಣಿಯ ಮಾಜಿ ಯಜಮಾನರು ಅಥವಾ ಅವರ ನೆಂಟರು! ಹಗ್ಗ ಕಟ್ಟಿದ್ದು ಇವರು, ತೂತು ಮುಚ್ಚಿದ್ದು ಅವರು. ನಾನು ಕೊಂಡದ್ದು ದೋಣಿಯನ್ನಲ್ಲ, ಒಂದು ಅವಿಭಕ್ತ ಕುಟುಂಬದ ಸದಸ್ಯತ್ವವನ್ನು.

ನಡು ಹೊಳೆಯಲ್ಲಿ ಎಂಜಿನ್ ಓಡುತ್ತಿರುವಷ್ಟು ಹೊತ್ತು ಅದರದೇ ಭಾಷಣ. ನಿಂತರೆ ಮೌನವೇನೋ ಸಿಗುತ್ತದೆ, ಆದರೆ ದಾಟಿ ಹೋಗುವ ದೋಣಿಗಳೆಲ್ಲ ನಿಂತು ವಿಚಾರಿಸುತ್ತವೆ. ಒಬ್ಬರು ಹಗ್ಗ ಎಸೆಯುತ್ತಾರೆ, ಇನ್ನೊಬ್ಬರು ಪ್ಲಗ್ ಬಿಚ್ಚುತ್ತಾರೆ, ಮೂರನೆಯವರು ಮಗಳ ಮದುವೆಗೆ ಕರೆಯುತ್ತಾರೆ. ಹೊಸ ಎಂಜಿನ್ ಇದ್ದವನನ್ನು ಯಾರೂ ಮಾತಾಡಿಸುವುದಿಲ್ಲ, ಪಾಪ.

ಈಗ ಹಳೇ ದೋಣಿ ಕೊಳ್ಳುವವರು ನನ್ನಲ್ಲೂ ಸಲಹೆ ಕೇಳುತ್ತಾರೆ. ಎಂಜಿನ್ ಎಷ್ಟು ಹಳೇದಾದರೂ ಅಡ್ಡಿಯಿಲ್ಲ, ಹುಟ್ಟು ಮಾತ್ರ ಹೊಸದೇ ತಗೊಳ್ಳಿ ಎನ್ನುತ್ತೇನೆ. ಒಂದಲ್ಲ, ಎರಡು, ಹೆಂಡತಿಯೂ ಜೊತೆಗೆ ಬರುವುದಿದ್ದರೆ.