ಬಸವೇಶ್ವರನಗರದ ಫ್ರೆಂಚರು

ಪಿಯುಸಿಗೆ ಫ್ರೆಂಚ್ ತಗೊಳ್ಳೋರೆಲ್ಲ ಪ್ಯಾರಿಸ್ಸಿಗೆ ಹೊರಟವರಲ್ಲ, ನೂರಕ್ಕೆ ನೂರು ಹೊಡೆಯಲು ಹೊರಟವರು. ಬಸವೇಶ್ವರನಗರದಲ್ಲಿ ಅಂಥ ಪಂಡಿತರು ಅಡ್ಡರಸ್ತೆಗೊಬ್ಬರು ಸಿಗುತ್ತಾರೆ. ಎಲ್ಲಿ, ಒಂದು ವಾಕ್ಯ ಮಾತಾಡಪ್ಪ ಅಂದರೆ, "ಮಾತಾಡೋದು ಸಿಲಬಸ್ಸಲ್ಲಿ ಇರಲಿಲ್ಲ ಅಂಕಲ್!"

ಜರ್ಮನ್ನಿನವರದು ಬೇರೆ ಕಥೆ. ಅವರಿಗೆ ಮಾರ್ಕ್ಸ್ ಬೇಡ, ವೀಸಾ ಬೇಕು. ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಇರುವುದು ದೂರದ ಇಂದಿರಾನಗರದಲ್ಲಿ. 2021ರಲ್ಲಿ ನೇರಳೆ ಮೆಟ್ರೊ ಕೆಂಗೇರಿಗೂ ಬಂತಲ್ಲ, ಈಗ ಅಲ್ಲಿಂದ ಒಂದೇ ರೈಲು. ವಿಜಯನಗರದಲ್ಲಿ ಹತ್ತಿದ ಹುಡುಗಿಯೊಬ್ಬಳು ಮೆಜೆಸ್ಟಿಕ್ಕಿನ ನೂಕುನುಗ್ಗಲಲ್ಲಿ ಒಂಟಿಕಾಲಲ್ಲಿ ನಿಂತು, ಕಣ್ಣುಮುಚ್ಚಿ "ಡೆರ್, ಡೀ, ಡಾಸ್" ಅಂತ ಜಪಿಸುತ್ತಿದ್ದಳು. ಯಾವುದೋ ಬೀಜಮಂತ್ರ ಇರಬೇಕೆಂದು ಪಕ್ಕದ ಅಜ್ಜಿ ಸೀಟು ಬಿಟ್ಟುಕೊಟ್ಟರು.

ನನ್ನನ್ನು ಕೇಳಿದರೆ ನಮ್ಮವರಿಗೆ ಜಪಾನೀಸೇ ಸಲೀಸು. ಕನ್ನಡದಲ್ಲಿದ್ದ ಹಾಗೇ ಕ್ರಿಯಾಪದ ವಾಕ್ಯದ ಕೊನೆಗೆ ಬಂದು ಕೂರುತ್ತೆ. ಕೆಂಗೇರಿ ದಾಟಿ ಮುಂದೆ ಹೋದರೆ ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆಯೂ ಇದೆ. ತೊಡಕು ಒಂದೇ, ಲಿಪಿ ಮೂರು. ಕನ್ನಡದ ಒತ್ತಕ್ಷರಕ್ಕೇ ಟ್ಯೂಷನ್ ಹಾಕಿಸಿಕೊಂಡ ರಾಜಾಜಿನಗರದ ಕುಡಿಗಳು ಇದನ್ನು ಕೇಳಿದ್ದೇ ತಡ, ಕೊರಿಯನ್ ಕಡೆಗೆ ಹೊರಳಿದವು. ಅದಕ್ಕೆ ಮೇಷ್ಟ್ರೂ ಬೇಡವಂತೆ, ರಾತ್ರಿಯಿಡೀ ಸೀರಿಯಲ್ ನೋಡಿದರೆ ಸಾಕಂತೆ.