ಮೂರು ಮಿಲಿಮೀಟರಿನ ಮಾತು

ಬಿಡದಿಯಲ್ಲಿ ಪ್ಲೇಟು ಅಂದರೆ ತಟ್ಟೆ ಇಡ್ಲಿ. ಕೈಗಾರಿಕಾ ಪ್ರದೇಶದ ಬಿಡಿಭಾಗದ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಕೂತು ನಟ್ಟು, ಬೋಲ್ಟು, ಬೇರಿಂಗು ಕೊಳ್ಳುವ ನನಗೆ ಬೇರೆ ಪ್ಲೇಟು ಗೊತ್ತಿರಲಿಲ್ಲ. ಪ್ರೆಸ್ಸಿನವರು ಫೋನಿನಲ್ಲಿ "ನಾಲ್ಕು ಪ್ಲೇಟ್ ಆಗುತ್ತೆ ಸಾರ್, ಅದರ ದುಡ್ಡು ಬೇರೆ" ಎಂದಾಗ, ಮಾತುಕತೆಗೆ ನಾಲ್ಕು ಜನ ಬರುತ್ತಾರೆ, ತಿಂಡಿ ನಮ್ಮ ಲೆಕ್ಕ ಎಂದುಕೊಂಡು ಒಪ್ಪಿಬಿಟ್ಟೆ.

ಆ ವರ್ಷ ಕಂಪನಿಯ ಕ್ಯಾಲೆಂಡರ್ ಮಾಡಿಸುವ ಕೆಲಸ ನನ್ನ ತಲೆಗೆ ಬಂದಿತ್ತು. "ನೀವು ಕಥೆಗಿಥೆ ಓದ್ತೀರಲ್ಲ" ಎಂಬುದು ಮ್ಯಾನೇಜರು ಕೊಟ್ಟ ಕಾರಣ.

"ಎಷ್ಟು ಜಿಎಸ್ಎಂ ಬೇಕು?" ಎಂದು ಪ್ರೆಸ್ಸಿನವರು ಕೇಳಿದರು. ಮೊಬೈಲಿನ ವಿಚಾರವಿರಬೇಕೆಂದು "ಎರಡು ಸಿಮ್ ಇದೆ" ಎಂದೆ. ಅವರು ನಗಲಿಲ್ಲ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೋ ಅದು ಜಿಎಸ್ಎಂ ಎಂದು ಬಿಡಿಸಿ ಹೇಳಿದರು. ಎ4 ಹಾಳೆ ಹದಿನಾರು ಸೇರಿದರೆ ಒಂದು ಚದರ ಮೀಟರು. ಅಂದಮೇಲೆ ಆಫೀಸಿನ 80 ಜಿಎಸ್ಎಂ ಹಾಳೆ ಒಂದಕ್ಕೆ 5 ಗ್ರಾಂ. ಸ್ಟೋರ್ಸಿನ ತಕ್ಕಡಿಯಲ್ಲಿ ಒಂದು ರೀಮು ಇಟ್ಟೇ ನೋಡಿದೆ. 500 ಹಾಳೆ, ಎರಡೂವರೆ ಕಿಲೋ! ಬೋಲ್ಟನ್ನು ಎಣಿಸದೆ ತೂಗಿ ಲೆಕ್ಕ ಹಿಡಿಯುವವನಿಗೆ ಇದಕ್ಕಿಂತ ಸಂತೋಷ ಬೇಕೆ? ಆ ಗೆಲುವಿನಲ್ಲಿ 130 ಜಿಎಸ್ಎಂ ಆರ್ಟ್ ಪೇಪರಿಗೆ ಹೂಂ ಎಂದೆ.

ಪ್ಲೇಟಿನ ಗುಟ್ಟು ಆಮೇಲೆ ತಿಳಿಯಿತು. ಸಯಾನ್, ಮಜೆಂಟಾ, ಹಳದಿ, ಕಪ್ಪು, ಈ ನಾಲ್ಕರಲ್ಲೇ ಬಣ್ಣದ ಚಿತ್ರವೆಲ್ಲ ಏಳಬೇಕು; ಒಂದೊಂದಕ್ಕೆ ಒಂದೊಂದು ಅಲ್ಯೂಮಿನಿಯಂ ತಗಡು. ಅಚ್ಚಾಗಬೇಕಾದ ಕಡೆ ಎಣ್ಣೆಯ ಶಾಯಿ ಹಿಡಿಯುತ್ತದೆ, ಉಳಿದ ಕಡೆ ನೀರು. ಎಣ್ಣೆಗೂ ನೀರಿಗೂ ಆಗಿಬರದ ಈ ಹಳೇ ಜಗಳವನ್ನೇ ನಂಬಿ ಪಾದ್ರಿ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ 'ಮಂಗಳೂರ ಸಮಾಚಾರ' ಪತ್ರಿಕೆ ತೆಗೆದದ್ದು. ಕಲ್ಲು ಹೋಗಿ ತಗಡು ಬಂದಿದೆ, ಜಗಳ ಹಾಗೇ ಇದೆ. ಐನೂರು ಪ್ರತಿ ಹೊಡೆದರೂ ಸಾವಿರ ಹೊಡೆದರೂ ಪ್ಲೇಟಿನ ಖರ್ಚು ಒಂದೇ ಎಂದು ಕೇಳಿದ್ದೇ ತಡ, ನನ್ನೊಳಗಿನ ಖರೀದಿ ಗುಮಾಸ್ತ ಎದ್ದು ಕೂತ. ಐನೂರು ಬೇಕಿತ್ತು, ಸಾವಿರಕ್ಕೆ ಹೇಳಿದೆ.

ಡಿಟಿಪಿ ದುಡ್ಡೂ ಉಳಿಯಲೆಂದು ವಿನ್ಯಾಸ ನಾನೇ ಮಾಡಿದೆ. ನಡುವೆ ಕಾರ್ಖಾನೆಯ ಫೋಟೊ, ಎಡಕ್ಕೆ ಜೂನ್‌ವರೆಗೆ, ಬಲಕ್ಕೆ ಡಿಸೆಂಬರ್‌ವರೆಗೆ. ಫೋಟೊ ದೊಡ್ಡದಿರಲಿ ಎಂದು ಮ್ಯಾನೇಜರು ಹೇಳಿದ್ದರಿಂದ ತಿಂಗಳುಗಳನ್ನು ಅಂಚಿಗೆ ತಳ್ಳಿದೆ.

"ಬ್ಲೀಡ್ ಬಿಟ್ಟಿದ್ದೀರಾ ಸಾರ್?"

ನಮ್ಮ ಗೇಟಿನ ಬೋರ್ಡಿನಲ್ಲಿ ಅಪಘಾತವಿಲ್ಲದ ದಿನಗಳ ಲೆಕ್ಕ ಬರೆದಿರುತ್ತೆ. ಬ್ಲೀಡು ಎಂಬ ಮಾತಿಗೇ ನನಗೆ ಎದೆ ಧಸಕ್ಕೆಂದಿತು. "ಅದೆಲ್ಲ ನಮ್ಮಲ್ಲಿ ಇಲ್ಲ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಕತ್ತರಿಸುವ ಗೆರೆಯಿಂದಾಚೆ ಸುತ್ತಲೂ 3 ಮಿಲಿಮೀಟರ್ ಬಣ್ಣ ಚಾಚಿರಬೇಕು, ಅದು ಬ್ಲೀಡು. ಅಕ್ಷರಗಳು ಗೆರೆಯಿಂದ ಒಳಗೂ ಅಷ್ಟು ಸರಿದಿರಬೇಕು. ಕಟ್ಟುಕಟ್ಟಾಗಿ ಕಾಗದ ಕತ್ತರಿಸುವ ಅಲಗು ಕೂದಲೆಳೆಯಷ್ಟು ಅತ್ತಿತ್ತ ಆಗುವುದುಂಟು. ಮಿಲಿಮೀಟರಿನ ನೂರನೇ ಒಂದು ಪಾಲು ಹೆಚ್ಚಾದರೆ ಮಾಲು ವಾಪಸ್ ಕಳಿಸುವ ನಾನು, ಇಲ್ಲಿ ಮಾತ್ರ ಪ್ರೂಫಿನಲ್ಲಿ ಮ್ಯಾನೇಜರ ಹೆಸರಿನ ಕಾಗುಣಿತ ನೋಡಿ ಸಹಿ ಹಾಕಿದೆ.

ಕಟ್ಟು ಬಿಚ್ಚಿದಾಗ ಎಡತುದಿಯ ಭಾನುವಾರಗಳ ಮೊದಲಂಕಿ ಮಾಯ. ಜೂನಿನ ಭಾನುವಾರಗಳು 7, 4, 1, 8. ಶಾಪ್‌ಫ್ಲೋರಿನ ಹುಡುಗನೊಬ್ಬ ಬಂದು, "ಅಣ್ಣ, ಜೂನಲ್ಲಿ ಎರಡು ಒಂದನೇ ತಾರೀಖು ಇದೆ. ಸಂಬಳಾನೂ ಎರಡು ಸಲವಾ?" ಎಂದ. ಅಕೌಂಟ್ಸಿನವರು ಇನ್ನೂ ನನ್ನ ಕಂಡಾಗ ಇದನ್ನೇ ಕೇಳುತ್ತಾರೆ.

ಇನ್ನೂರು ಹಂಚಿ ಮುಗಿಯುವುದರೊಳಗೆ ಮ್ಯಾನೇಜರು ತಡೆದರು. ಉಳಿದ ಎಂಟುನೂರು ಸ್ಟೋರ್ಸಿನಲ್ಲಿದೆ. ಕಾಗದ ದಪ್ಪವಾಗಿದೆ, ಹಿಂಬದಿ ಖಾಲಿ. ಶಾಲೆಯ ಪುಸ್ತಕಕ್ಕೆ ಬೈಂಡು ಹಾಕಲು ಬಲು ಚೆನ್ನ. ಮಕ್ಕಳಿರುವವರು ಗೇಟಿನಲ್ಲಿ ನನ್ನ ಹೆಸರು ಹೇಳಿ, ಬೇಕಾದಷ್ಟು ಒಯ್ಯಬಹುದು.